ಅಕ್ಕ-ತಮ್ಮನಿಗೆ ಒಂದೇ ಯೂನಿಫಾರ್ಮ್

ಗಂಡು ಹೆಣ್ಣು ಸಮಾನ ಎಂದು ಮಕ್ಕಳಿಗೆ ಹೇಗೆ ಕಲಿಸಬೇಕೆಂಬುದನ್ನು ನನಗೆ ಕಲಿಸಿದ್ದು ಶಿಕ್ಷಕರ ತರಬೇತಿಯಲ್ಲಿ, ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತರೆ, ನನ್ನ ಮಗಳ ವಯಸ್ಸಿನ ಹುಡುಗಿಯೊಬ್ಬಳು ಮೈಕ್ ಹಿಡಿದು, "ಟೀಚರ್ಸ್, ಎಲ್ಲರೂ ಒಂದ್ಸಲ ಜೋರಾಗಿ ಚಪ್ಪಾಳೆ ತಟ್ಟೋಣ್ವಾ?" ಎಂದಳು. ತಟ್ಟಿದೆವು. ಸರ್ವಿಸ್ ಮುಗಿಯುತ್ತಾ ಬಂದಿರುವ ಮೇಷ್ಟರುಗಳು, ಟೀಚರುಗಳು ಯಾವುದಕ್ಕೂ ಇಲ್ಲವೆನ್ನುವುದಿಲ್ಲ. ಜನಗಣತಿ ಎಂದರೆ ಹೋಗುತ್ತೇವೆ, ಚುನಾವಣೆ ಎಂದರೆ ಹೋಗುತ್ತೇವೆ, ಜಂತುಹುಳದ ಮಾತ್ರೆ ಕೊಡಿ ಎಂದರೆ ಕೊಡುತ್ತೇವೆ. ಸಮಾನತೆಯೂ ನಮ್ಮ ಶಾಲೆಗೆ ಹಾಗೇ ಬಂತು, ಒಂದು ರಟ್ಟಿನ ಪೆಟ್ಟಿಗೆಯಲ್ಲಿ.

ಪೆಟ್ಟಿಗೆಯ ತುಂಬಾ ಮಕ್ಕಳ ಚಿತ್ರಪುಸ್ತಕಗಳು. ಯಾವುದೋ ಟ್ರಸ್ಟಿನವರು ಶಾಲೆಗೊಂದು ಪೆಟ್ಟಿಗೆಯಂತೆ ಕೊಟ್ಟಿದ್ದರು. ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಒಂದು ಪುಸ್ತಕ ಓದಿ ಹೇಳಬೇಕು, ಚಿತ್ರ ತೋರಿಸಿ ಮಕ್ಕಳನ್ನು ಮಾತಾಡಿಸಬೇಕು, ಆಮೇಲೆ ಆ ಪುಸ್ತಕವನ್ನು ಒಂದು ಮಗುವಿನ ಕೈಲಿ ಮನೆಗೆ ಕಳಿಸಬೇಕು. ಮನೆಯಲ್ಲಿ ಅಪ್ಪ ಅಮ್ಮ ಜೊತೆಗೆ ಕೂತು ನೋಡಬೇಕು. "ಉತ್ತರ ನೀವು ಹೇಳ್ಬೇಡಿ ಟೀಚರ್, ಚಿತ್ರಾನೇ ಮಾತಾಡ್ಲಿ," ಎಂದಳು ಆ ಹುಡುಗಿ. ಒಳ್ಳೆಯ ಹುಡುಗಿ. ವಾರವಿಡೀ ಅದೇ ಮಾತು ಹೇಳಿ ಹೇಳಿ ಗಂಟಲು ಕಟ್ಟಿಕೊಂಡಿತ್ತು. ನನ್ನ ಬ್ಯಾಗಿನಲ್ಲಿದ್ದ ಶುಂಠಿ ಪೆಪ್ಪರಮಿಂಟು ಕೊಟ್ಟು ಬಂದೆ.

ನಾನಿರುವುದು ಬಸವನಗುಡಿಯಲ್ಲಿ, ಪಾಠ ಮಾಡುವುದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯ ಕನ್ನಡ ಶಾಲೆಯಲ್ಲಿ. ಹಳೆಯ ಕಟ್ಟಡ, ಕಲ್ಲಿನ ಜಗಲಿ, ಅಂಗಳದಲ್ಲೊಂದು ಹೊಂಗೆ ಮರ. ಒಂದು ಕಾಲಕ್ಕೆ ಎರಡು ಸೆಕ್ಷನ್ ಮಾಡಿದರೂ ಸಾಲದಷ್ಟು ಮಕ್ಕಳಿದ್ದರು. ಈಗ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೂ ಹಿಂದಿನ ಬೆಂಚುಗಳು ಖಾಲಿ. ಪ್ರತಿ ಜೂನ್‌ನಲ್ಲೂ ನಮ್ಮ ಹೆಡ್‌ಮಿಸ್ ತಲೆ ಎಣಿಸುತ್ತಾರೆ. ಸಂಖ್ಯೆ ತೀರಾ ಕಡಿಮೆಯಾದರೆ ಶಾಲೆಯನ್ನು ಇನ್ನೊಂದರ ಜೊತೆ ಸೇರಿಸಿಬಿಡುತ್ತಾರೆ. ಸೇರಿಸುವುದು ಎಂದರೆ ಮುಚ್ಚುವುದು, ಅಷ್ಟೇ. ಇಲಾಖೆಯ ಬಾಯಲ್ಲಿ ಅದು ಹಾಗೆ ಬರುತ್ತದೆ.

ಪುಸ್ತಕಗಳು ಚೆನ್ನಾಗಿದ್ದವು, ಸುಳ್ಳು ಹೇಳಬಾರದು. ದಪ್ಪ ಹಾಳೆ, ಒಳ್ಳೆಯ ಬಣ್ಣ, ಪುಟಕ್ಕೆ ಒಂದೋ ಎರಡೋ ಸಾಲು. ಮೊದಲ ಶನಿವಾರದ ಪುಸ್ತಕದಲ್ಲಿ ಒಬ್ಬ ಅಪ್ಪ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಪಾತ್ರೆಯಲ್ಲಿ ಸೌಟು ತಿರುಗಿಸುತ್ತಿದ್ದ. ಚಿತ್ರವೇ ಮಾತಾಡಲಿ ಎಂದು ಪುಸ್ತಕವನ್ನು ಎತ್ತಿ ಹಿಡಿದೆ.

"ಯಾರಿವರು?"

"ಅಡುಗೆ ಭಟ್ರು!" ಇಡೀ ಕ್ಲಾಸು ಒಟ್ಟಿಗೆ ಕೂಗಿತು.

"ಅಲ್ಲ ಕಣ್ರೋ, ಈ ಮಗೂನ ಅಪ್ಪ."

"ಹಾಗಾದ್ರೆ ಯಾರ ಮದುವೆ ಮಿಸ್?"

ನಮ್ಮ ಶಾಲೆಯ ಹಿಂದೆಯೇ ಒಂದು ಛತ್ರವಿದೆ. ಗಂಡಸು ಸೌಟು ಹಿಡಿದನೆಂದರೆ ಅಲ್ಲಿ ವಾಲಗ ಊದಲೇಬೇಕು, ಬಾಳೆ ಎಲೆ ಹಾಸಲೇಬೇಕು; ಈ ಮಕ್ಕಳು ಕಂಡಿರುವುದು ಅದನ್ನೇ. ಮದುವೆಯಲ್ಲ, ಮನೆಯಲ್ಲೇ, ದಿನಾ ಮಾಡುತ್ತಾರೆ ಎಂದೆ. ಒಬ್ಬಳು ಬಹಳ ಕನಿಕರದಿಂದ, "ಅವರಮ್ಮ ಊರಿಗೆ ಹೋಗಿದಾರೆ ಅನ್ಸತ್ತೆ ಮಿಸ್," ಎಂದಳು. ಉಳಿದವರಿಗೂ ಅದು ಸರಿಯೆನಿಸಿತು. ನಾನು ಪುಸ್ತಕ ಮುಚ್ಚಿ ಮಗ್ಗಿ ಹೇಳಿಸಿದೆ.

ಎರಡನೆಯ ಪುಸ್ತಕದಲ್ಲಿ ಹುಡುಗಿಯೊಬ್ಬಳು ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾಳೆ. ಬೆರಗಾಗಬೇಕು ಎಂದು ಬರೆದವರ ಆಸೆ. ಯಾರೂ ಆಗಲಿಲ್ಲ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವಿನ ಮೂಟೆ ತಲೆ ಮೇಲೆ ಹೊರುವ ಅಮ್ಮನ ಮಗಳು ನನ್ನ ಕ್ಲಾಸಿನಲ್ಲಿದ್ದಾಳೆ. ಹೆಣ್ಣು ಎಲ್ಲ ಕೆಲಸವನ್ನೂ ಮಾಡಬಲ್ಲಳು ಎಂದು ಅವಳಿಗೆ ಪುಸ್ತಕ ಹೇಳಿಕೊಡಬೇಕೇ? ಮಾಡದೆ ಇರಬಹುದು ಎಂದು ಹೇಳಿಕೊಟ್ಟರೆ ಅದು ಹೊಸ ಪಾಠವಾದೀತು. ಇದು ಆಗುವ ಹೋಗುವ ಕೆಲಸವಲ್ಲ ಎಂದುಕೊಂಡು ನಾನು ಪೆಟ್ಟಿಗೆಯನ್ನು ಬೀರುವಿನ ಮೇಲಿಟ್ಟೆ. ಆದರೂ ಮುಂದಿನ ಶನಿವಾರ ಇಳಿಸಿದೆ. ಮಾಡು ಎಂದದ್ದನ್ನು ಮಾಡಿ ಅಭ್ಯಾಸ.

ಮೂರನೆಯ ಪುಸ್ತಕ ಅಕ್ಕ-ತಮ್ಮನದು. ಅಕ್ಕ ಸೀಬೆ ಮರ ಹತ್ತುತ್ತಾಳೆ, ತಮ್ಮ ಕೆಳಗೆ ಬುಟ್ಟಿ ಹಿಡಿದು ನಿಲ್ಲುತ್ತಾನೆ. ತಮ್ಮ ಬಿದ್ದು ಅಳುತ್ತಾನೆ, ಹುಡುಗಿ ಥರ ಅಳಬೇಡ ಎಂದು ಯಾರೂ ಗದರುವುದಿಲ್ಲ. ಊಟವಾದ ಮೇಲೆ ಇಬ್ಬರೂ ತಟ್ಟೆ ತೊಳೆಯುತ್ತಾರೆ. ಒಂದೇ ಮಾವಿನಹಣ್ಣನ್ನು ಅಜ್ಜಿ ಸಮಸಮ ಕೊಯ್ದು ಕೊಡುತ್ತಾಳೆ. ಕೊನೆಯ ಪುಟದಲ್ಲಿ ಮಾತೇ ಇಲ್ಲ. ಇಬ್ಬರೂ ಕೈ ಕೈ ಹಿಡಿದುಕೊಂಡು ಬೆಳಿಗ್ಗೆ ಶಾಲೆಗೆ ಹೋಗುತ್ತಿದ್ದಾರೆ. ಕಥೆ ಮುಗಿಯಿತು ಎಂದು ತೋರಿಸಲು ಬಿಡಿಸಿದ ಚಿತ್ರ, ಅಷ್ಟೇ. ಅಲ್ಲಿ ಕಲಿಸುವುದೇನೂ ಇಲ್ಲವೆಂದು ಪುಸ್ತಕ ಮಡಿಸಲು ಹೋದೆ.

"ಮಿಸ್, ತಪ್ಪು ಬಿಡಿಸಿದಾರೆ," ಎಂದು ಎರಡನೇ ಬೆಂಚಿನಿಂದ ದನಿ ಬಂತು.

ಆ ಹುಡುಗಿ ಆಗ ಮೂರನೇ ತರಗತಿ. ಬಿಗಿಯಾಗಿ ಹೆಣೆದ ಎರಡು ಜಡೆ, ಹಣೆಯ ಮೇಲೆ ವಿಭೂತಿ. ಅವಳ ತಂದೆಗೆ ನಗರ್ತಪೇಟೆಯಲ್ಲಿ ಲೇಸು, ಗುಂಡಿ, ಜರಿ ಅಂಚುಗಳ ಹೋಲ್‌ಸೇಲ್ ಅಂಗಡಿ. ಅಜ್ಜನ ಕಾಲದ ಸಣ್ಣ ಅಂಗಡಿಯಂತೆ. ಕ್ಲಾಸಿನಲ್ಲಿ ಅವಳಷ್ಟು ಚೆನ್ನಾಗಿ ಓದುವವರು ಇನ್ನೊಬ್ಬರಿರಲಿಲ್ಲ. ಇಲಾಖೆಯವರು ಬಂದಾಗ ನಾನು ಎಬ್ಬಿಸುತ್ತಿದ್ದದ್ದು ಅವಳನ್ನೇ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಓದುತ್ತಿದ್ದಳು. ಬಂದವರ ಮುಖ ಅರಳುತ್ತಿತ್ತು, ನಮ್ಮ ಹೆಡ್‌ಮಿಸ್ ಮುಖ ಇನ್ನೂ ಹೆಚ್ಚು.

"ಏನು ತಪ್ಪು, ಬಾ ತೋರಿಸು," ಎಂದೆ.

ಮುಂದೆ ಬಂದು ಚಿತ್ರದ ಅಕ್ಕನ ಬಟ್ಟೆಯ ಮೇಲೆ ಬೆರಳಿಟ್ಟಳು. "ಅಕ್ಕಂಗೂ ತಮ್ಮನ ಯೂನಿಫಾರ್ಮ್ ಬಣ್ಣಾನೇ ಹಾಕ್ಬಿಟ್ಟಿದಾರೆ."

ಯಾರೂ ನಗಲಿಲ್ಲ. "ಹೌದು ಮಿಸ್," ಎಂದರು ಉಳಿದವರು. "ಟೈನೂ ಹಾಕ್ಬಿಟ್ಟಿದಾರೆ," ಎಂದಳು ಒಬ್ಬಳು. "ಬೇರೆ ಬಣ್ಣ ಖಾಲಿಯಾಗಿರ್ಬೇಕು," ಎಂದಳು ಇನ್ನೊಬ್ಬಳು.

"ತಪ್ಪಲ್ಲ. ಅವರಿಬ್ಬರೂ ಒಂದೇ ಸ್ಕೂಲು," ಎಂದೆ.

"ಅಕ್ಕ ತಮ್ಮ ಒಂದೇ ಸ್ಕೂಲಾ?"

ಅಡುಗೆ ಮಾಡುವ ಅಪ್ಪನಿಗೆ ಅವರು ಒಂದು ಕಾರಣ ಹುಡುಕಿ ಕೊಟ್ಟಿದ್ದರು. ಮರ ಹತ್ತುವ ಹುಡುಗಿಯನ್ನು ಸುಮ್ಮನೆ ಒಪ್ಪಿಕೊಂಡಿದ್ದರು. ಇದಕ್ಕೆ ಮಾತ್ರ ಅವರ ತಲೆಯಲ್ಲಿ ಜಾಗವಿರಲಿಲ್ಲ. ನಿಮ್ಮಲ್ಲಿ ಯಾರ್‍ಯಾರಿಗೆ ಅಣ್ಣ ತಮ್ಮಂದಿರಿದ್ದಾರೆ ಎಂದೆ, ಕೈಗಳು ಎದ್ದವು. ಅವರೆಲ್ಲ ಎಲ್ಲಿ ಓದುತ್ತಾರೆ ಎಂದೆ. "ಕಾನ್ವೆಂಟು," "ನಮ್ಮಣ್ಣಂಗೆ ವ್ಯಾನ್ ಬರತ್ತೆ ಮಿಸ್," "ನಮ್ಮ ತಮ್ಮನ ಸ್ಕೂಲಲ್ಲಿ ಕನ್ನಡ ಮಾತಾಡಿದ್ರೆ ಬೈತಾರೆ." ದೂರು ಹೇಳುವ ದನಿಯಲ್ಲ, ಹೆಮ್ಮೆಯಿಂದಲೇ ಹೇಳಿದರು. ನಾನು ಕ್ಲಾಸನ್ನು ನೋಡಿದೆ. ಹುಡುಗಿಯರು, ಹುಡುಗಿಯರು, ನಡುವೆ ಎಲ್ಲೋ ಒಬ್ಬಿಬ್ಬ ಬಡ ಹುಡುಗರು. ಗಂಡು ಹೆಣ್ಣನ್ನು ಬೆರೆಸಿ ಕೂರಿಸಿ ಎಂದು ತರಬೇತಿಯಲ್ಲಿ ಹೇಳಿದ್ದರು. ಬೆರೆಸಲು ಗಂಡು ಮಕ್ಕಳೇ ಇಲ್ಲ, ಈ ಪಾಠ ಯಾರಿಗೆ ಬೇಕೋ ಅವರು ಈ ಶಾಲೆಯಲ್ಲೇ ಇಲ್ಲ. ಇದೇನೂ ನನಗೆ ಗೊತ್ತಿಲ್ಲದ ಸಂಗತಿಯಲ್ಲ, ಆದರೆ ಗೊತ್ತಿದ್ದದ್ದು ಕಣ್ಣಿಗೆ ಕಂಡದ್ದು ಆ ಶನಿವಾರ.

ಹುಡುಗಿ ಇನ್ನೂ ನನ್ನ ಮೇಜಿನ ಹತ್ತಿರವೇ ನಿಂತಿದ್ದಳು. "ಮಿಸ್, ಹಾಗಾದ್ರೆ ನಾನೂ ತಮ್ಮನ ಸ್ಕೂಲಿಗೆ ಹೋಗ್ಬೋದಾ?" ಎಂದಳು. ನೀರು ಕುಡಿದು ಬರಲಾ ಎಂದು ಕೇಳುವ ಹಾಗೆ ಕೇಳಿದಳು.

ಉತ್ತರ ನೀವು ಹೇಳಬೇಡಿ ಎಂದಿದ್ದಳಲ್ಲ ಆ ಮೈಕಿನ ಹುಡುಗಿ, ಆ ಮಾತು ನನ್ನ ಸಹಾಯಕ್ಕೆ ಬಂತು. "ಈ ವಾರ ಪುಸ್ತಕ ನೀನೇ ತೊಗೊಂಡ್ಹೋಗು. ಮನೇಲಿ ತೋರಿಸು," ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಅಂದು ಮಧ್ಯಾಹ್ನ ಗಾಂಧಿ ಬಜಾರಿನಲ್ಲಿ ಬಸ್ಸಿಳಿದು ತರಕಾರಿ ಕೊಳ್ಳುವಾಗಲೂ ಅದೇ ಯೋಚನೆ. ಆ ಮಗುವನ್ನು ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದೆ. ನಮ್ಮ ಶಾಲೆಯ ರಸ್ತೆಯ ತಿರುವಿನಲ್ಲಿ ತಮ್ಮನ ವ್ಯಾನಿಗೆ ಕಾಯುತ್ತಾ ನಿಂತಿರುತ್ತಿದ್ದಳು. ತಮ್ಮನ ಬ್ಯಾಗು ಅವಳ ಬೆನ್ನಿಗೆ, ಅವಳದು ಎದೆಗೆ, ಅವನ ನೀರಿನ ಬಾಟಲಿ ಕತ್ತಿಗೆ. ಅವನು ಕೈಬೀಸಿಕೊಂಡು ಕಲ್ಲು ಒದೆಯುತ್ತಿರುತ್ತಿದ್ದ. ವ್ಯಾನು ಬಂದರೆ ಅವನನ್ನು ಹತ್ತಿಸಿ, ಹಿಂದಿನಿಂದ ಬ್ಯಾಗನ್ನು ಎತ್ತಿ ಕೊಟ್ಟು, ನಮ್ಮ ಶಾಲೆಗೆ ಓಡಿ ಬರುತ್ತಿದ್ದಳು. ಪ್ರಾರ್ಥನೆಗೆ ಯಾವಾಗಲೂ ತುಸು ತಡ. ತಡವೇಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಆ ಕಾರಣ ನನಗೆ ಮೊದಲಿಂದ ಗೊತ್ತು.

ನಾನೂ ಹೊತ್ತವಳೇ. ಇದೇ ಬಸವನಗುಡಿಯಲ್ಲಿ ನಮ್ಮ ತಂದೆ ಗುಮಾಸ್ತರಾಗಿದ್ದರು. ತಮ್ಮನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು, ನನ್ನನ್ನು ಮನೆಯ ಹತ್ತಿರದ ಕನ್ನಡ ಶಾಲೆಗೆ. "ಹೆಣ್ಮಗುಗೆ ಕನ್ನಡ ಸಾಕು," ಎನ್ನುತ್ತಿದ್ದರು ನಮ್ಮಮ್ಮ, ಎರಡನೇ ಸಲ ಪಲ್ಯ ಬಡಿಸುವಾಗ ಹೇಳುವ ಅದೇ 'ಸಾಕು'. ತಮ್ಮನ ಬ್ಯಾಗನ್ನು ಅವನ ಶಾಲೆಯ ಗೇಟಿನವರೆಗೂ ಹೊತ್ತು, ಅಲ್ಲಿಂದ ನಾನು ನನ್ನ ಶಾಲೆಗೆ ಓಡಬೇಕು. ಇಂದಿಗೂ ರವಿಕೆ ಅಳತೆ ತೆಗೆಯುವಾಗ ಗಾಂಧಿ ಬಜಾರಿನ ಟೈಲರು, "ಬಲಗಡೆ ಭುಜ ಸ್ವಲ್ಪ ಇಳಿದಿದೆ ಮೇಡಂ," ಎನ್ನುತ್ತಾರೆ. ಅದು ಆ ಬ್ಯಾಗಿನಿಂದಲೇ ಆದದ್ದೆಂದು ನಾನು ನಂಬಿದ್ದೇನೆ. ಡಾಕ್ಟರು ಬೇರೆ ಏನಾದರೂ ಹೇಳಿಕೊಳ್ಳಲಿ.

ತಮಾಷೆಯೆಂದರೆ, ಆ ಕನ್ನಡ ಶಾಲೆಯಲ್ಲಿ ನಾನು ಬಹಳ ಸುಖವಾಗಿದ್ದೆ. ಪದ್ಯಗಳನ್ನು ಬಾಯಿಪಾಠ ಮಾಡಿ ಅಂಗಳದಲ್ಲಿ ನಿಂತು ಹೇಳಿದ್ದು, ಪ್ರಬಂಧಕ್ಕೆ ಮೇಷ್ಟರು ಬೆನ್ನು ತಟ್ಟಿದ್ದು, ನನ್ನ ಅನ್ನ, ನನ್ನ ಮರ್ಯಾದೆ, ಎಲ್ಲವೂ ಅಲ್ಲಿಂದಲೇ ಬಂದವು. ನನ್ನ ತಮ್ಮ ಈಗ ಬ್ಯಾಂಕಿನಲ್ಲಿ ಮ್ಯಾನೇಜರು. ಮನೆಯ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ನನಗೆ ಕಳಿಸಿ, "ಅಕ್ಕ, ಒಂಚೂರು ತಪ್ಪಿದ್ಯಾ ನೋಡು," ಎನ್ನುತ್ತಾನೆ. ನೋಡಿಕೊಡುತ್ತೇನೆ. ಕನ್ನಡ ಸಿಕ್ಕಿತೆಂದು ನನಗೆ ಸಿಟ್ಟಿಲ್ಲ. ಅದನ್ನು ಕೊಟ್ಟದ್ದು ಅದು ಒಳ್ಳೆಯದೆಂದಲ್ಲ, ನನಗೆ ಅಷ್ಟು ಸಾಕೆಂದು. ಆ ಸಿಟ್ಟು ಇಷ್ಟು ವರ್ಷವಾದರೂ ಹೋಗಿಲ್ಲ, ಹೋಗಬೇಕೆಂದು ನನಗೆ ಅನಿಸಿಯೂ ಇಲ್ಲ.

ಮುಂದಿನ ವಾರ ಹುಡುಗಿಯ ತಂದೆ ಶಾಲೆಗೆ ಬಂದರು. ಚಿತ್ರಪುಸ್ತಕವನ್ನು ಅಂಗಡಿಯ ಕವರಿನಲ್ಲಿ ಸುತ್ತಿ, ನಾಜೂಕಾಗಿ ಹಿಡಿದುಕೊಂಡಿದ್ದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಅಂಥವರನ್ನೂ ನೋಡಿದ್ದೇನೆ.

"ಬನ್ನಿ, ಕೂತ್ಕೊಳ್ಳಿ," ಎಂದೆ.

"ಏನ್ ಮಿಸ್, ಈ ಪುಸ್ತಕ ನಮ್ಮನೇಲಿ ದೊಡ್ಡ ರಾಮಾಯಣ ಮಾಡ್ಬಿಟ್ಟಿದೆ," ಎಂದು ಅವರು ನಗಲು ನೋಡಿದರು. "ನಾನು ಊಟಕ್ಕೆ ಕೂತ್ರೆ ಸಾಕು, ಕೊನೇ ಪೇಜ್ ತೆಗೆದು ನನ್ನ ತಟ್ಟೆ ಪಕ್ಕ ಇಟ್ಬಿಡ್ತಾಳೆ. ಅಳಲ್ಲ, ಕೇಳಲ್ಲ. ಸುಮ್ನೆ ಇಡ್ತಾಳೆ, ಹೋಗ್ತಾಳೆ. ದಿನಾ. ನನಗೆ ಅನ್ನ ಇಳೀತಿಲ್ಲ ಮಿಸ್."

ಚಿತ್ರವೇ ಮಾತಾಡಲಿ ಎಂದರೆ ಏನು ಎಂಬುದು ನನಗೆ ಅಂದು ತಿಳಿಯಿತು.

"ಇಲ್ಲಿ ಏನೂ ಕಮ್ಮಿ ಇಲ್ಲ. ನೀವು ಚೆನ್ನಾಗಿ ಹೇಳ್ಕೊಡ್ತೀರಿ. ಹತ್ರ ಇದೆ. ಹೆಣ್ಮಗುಗೆ ವ್ಯಾನು ಗೀನು ಯಾಕೆ ಅಂದ್ರು ನಮ್ಮಮ್ಮ. ಅವನು ನಾಳೆ ಅಂಗಡಿ ನೋಡ್ಕೋಬೇಕು, ಇಂಗ್ಲಿಷ್ ಬೇಕೇ ಬೇಕು. ಇವಳಿಗೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಒಳ್ಳೆಯ ಮನುಷ್ಯ. ಆ ಮಾತನ್ನು ಮುಗಿಸಲು ನಾಚಿಕೆಯಾಯಿತೆಂದು ಕಾಣುತ್ತದೆ. ನಮ್ಮಮ್ಮನಿಗೆ ಆ ನಾಚಿಕೆ ಇರಲಿಲ್ಲ, ಪೂರ್ತಿ ಹೇಳಿಯೇ ಬಿಡುತ್ತಿದ್ದರು. "ಇಬ್ಬರ ಫೀಸು ಕಷ್ಟವೇ. ಆದ್ರೂ ಹೇಗೋ ಮಾಡ್ಬೋದು. ನೀವು ಹೇಳಿ ಮಿಸ್. ಇಲ್ಲೇ ಇರ್ಲಿ ಅಂದ್ರೆ ಇಲ್ಲೇ ಇರ್ತಾಳೆ, ನಿಮ್ಮ ಮಾತು ಅವಳು ಮೀರಲ್ಲ. ಅಲ್ಲಿಗೆ ಹಾಕಿ ಅಂದ್ರೆ ಹಾಕ್ತೀನಿ."

ಅತ್ತ ದರಿ, ಇತ್ತ ಪುಲಿ. ತಾಯ್ನುಡಿಯಲ್ಲಿ ಕಲಿತ ಮಗು ಚೆನ್ನಾಗಿ ಕಲಿಯುತ್ತದೆ ಎಂದು ರಾಜ್ಯೋತ್ಸವದ ವೇದಿಕೆಯಲ್ಲಿ ನಾನೇ ಎಷ್ಟು ಸಲ ಮಾತಾಡಿದ್ದೇನೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ ಜನ ಎಂದು ಬೇಜಾರು ಪಟ್ಟುಕೊಂಡಿದ್ದೇನೆ. ಅದೆಲ್ಲ ನಿಜ, ಇವತ್ತಿಗೂ ನಿಜ. ಇವಳು ಹೋದರೆ ಇವಳ ಹಿಂದೆ ಇನ್ನೂ ಕೆಲವರು ಹೋಗುತ್ತಾರೆ ಎಂಬುದೂ ನಿಜ. ನಾನು ಒಂದು ಮಾತು ಹೇಳಿದರೆ ಅವಳು ಉಳಿಯುತ್ತಿದ್ದಳು. ಹೇಳುವ ಆಸೆಯೂ ನನಗೆ ಬಹಳವಿತ್ತು.

"ಒಂದು ಕೆಲಸ ಮಾಡಿ," ಎಂದೆ. "ಮಗನ್ನೂ ಇಲ್ಲಿಗೇ ಹಾಕ್ಬಿಡಿ. ಇಬ್ಬರದೂ ಒಂದೇ ಸ್ಕೂಲಾಗತ್ತೆ. ನಾನೇ ನೋಡ್ಕೋತೀನಿ."

ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ನಿಜವಾಗಿಯೂ ತಿಳಿದು, ಬಾಯಿತುಂಬ ನಕ್ಕರು. 'ಏನೂ ಕಮ್ಮಿ ಇಲ್ಲ' ಎಂದು ಆಗತಾನೇ ಹೇಳಿದ ಬಾಯಿ. ನನ್ನ ಮುಖ ನೋಡಿ ನಗು ನಿಲ್ಲಿಸಿ, "ಛೆ ಛೆ, ಹಾಗಲ್ಲ ಮಿಸ್... ಅವನ ಭವಿಷ್ಯ," ಎಂದರು.

ಆ ನಗು ನನಗಿದ್ದ ಗೊಂದಲವನ್ನೆಲ್ಲ ಕಳೆಯಿತು. ಮಗನಿಗೆ ಬೇಡವಾದದ್ದು ಮಗಳಿಗೆ ಸಾಕು ಎನ್ನುವ ಕಡೆ ಕನ್ನಡದ ಮಾತೇ ಬರುವುದಿಲ್ಲ. ಒಂದು ಹೆಣ್ಣುಮಗುವಿನ ಪಾಲಿನ ಮಾವಿನ ತುಂಡನ್ನು ಹಿಡಿದಿಟ್ಟುಕೊಂಡು ನಾನು ಭಾಷೆ ಉಳಿಸುವುದೂ ಬೇಡ, ಶಾಲೆ ಉಳಿಸುವುದೂ ಬೇಡ.

"ಹಾಗಾದ್ರೆ ಅವಳನ್ನೂ ಅಲ್ಲಿಗೇ ಹಾಕಿ," ಎಂದೆ.

ಹೇಳಿದ ಮೇಲೆ ನನಗೇನೂ ಹಗುರವಾಗಲಿಲ್ಲ. ಸುಸ್ತಾಯಿತು. ಅವರು ಕೈಮುಗಿದು ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗೆ ಸುಮ್ಮನೆ ಕೂತೆ. ಸುದ್ದಿ ಹೆಡ್‌ಮಿಸ್ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು? ಬಾಗಿಲಲ್ಲೇ ನಿಂತು ಕೇಳಿದರು: "ಏನ್ರೀ, ನಿಮಗೆ ಬುದ್ಧಿಗಿದ್ಧಿ ಕೆಟ್ಟಿದ್ಯಾ? ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ನೀವೇ ನೋಡಿ. ಇರೋ ಮಕ್ಕಳನ್ನ ನೀವೇ ಕಳಿಸಿಕೊಟ್ರೆ ಜೂನ್‌ನಲ್ಲಿ ನಾನು ಯಾರ ತಲೆ ಎಣಿಸ್ಲಿ?"

"ಸಮಾನತೆ ಕಲಿಸಿ ಅಂದಿದ್ರಲ್ಲ ಮೇಡಂ, ಕಲಿಸ್ದೆ," ಎಂದೆ.

"ಕಲಿಸಿ ಅಂದ್ರು. ಕಲಿತ್ಕೊಂಡ್ಬಿಡ್ಲಿ ಅಂತ ಯಾರು ಹೇಳಿದ್ರು?" ಎಂದರು. ಆಮೇಲೆ ಇಬ್ಬರೂ ಕಾಫಿ ಕುಡಿದೆವು. ಅವರದೂ ತಪ್ಪಲ್ಲ. ಆ ಶಾಲೆಯನ್ನು ಅವರು ನನಗಿಂತ ಹೆಚ್ಚು ಕಾಲ ಹೊತ್ತಿದ್ದಾರೆ.

ಬೇಸಿಗೆ ರಜೆಯಲ್ಲಿ ತಂದೆ ವರ್ಗಾವಣೆ ಪತ್ರಕ್ಕೆ ಬಂದಾಗ ಒಂದು ಸಂಗತಿ ತಿಳಿಯಿತು. ಹೊಸ ಶಾಲೆಯವರು ಇಂಗ್ಲಿಷ್‌ನಲ್ಲಿ ಏನೇನೋ ಕೇಳಿದರಂತೆ. ಮಗು ಬಾಯಿ ಬಿಡಲಿಲ್ಲವಂತೆ. ಒಂದು ತರಗತಿ ಹಿಂದಕ್ಕೆ ಹಾಕುತ್ತೇವೆ ಎಂದರಂತೆ. ಹಾಗಾಗಿ ನಾಲ್ಕನೆಯದಕ್ಕೆ ಹೋಗಬೇಕಾದವಳು ಮತ್ತೆ ಮೂರನೆಯದಕ್ಕೆ, ತಮ್ಮನ ಕ್ಲಾಸಿಗೇ. "ಒಂದು ವರ್ಷ ತಾನೇ ಮಿಸ್," ಎಂದರು ಅವರು. ಹೌದು, ಒಂದು ವರ್ಷ ತಾನೇ. ಅದನ್ನು ಕೊಡಬೇಕಾದವಳೂ ಅವಳೇ. ಜೂನ್‌ನಲ್ಲಿ ನಾನು ಹೆದರಿದ್ದಂತೆ ಇನ್ನೂ ಕೆಲವು ಹುಡುಗಿಯರು ಹೊರಟರು. ಅವರ ಅಮ್ಮಂದಿರು ನನ್ನನ್ನು ಹೊಗಳಿ ಹೋದರು. ಎರಡನೇ ಬೆಂಚಿನ ಮೇಲೆ ನಾನು ಕಾಪಿ ಪುಸ್ತಕಗಳನ್ನು ಪೇರಿಸಿಡಲು ಶುರುಮಾಡಿದೆ.

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ, ನಮ್ಮ ಮಕ್ಕಳೆಲ್ಲ ಹೋದ ಮೇಲೆ, ನಾನು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆ. ಮಂಡಿಗೆ ತಂಡಿ ಆಗುವುದಿಲ್ಲ. ಗೇಟು ಕಿರುಗುಟ್ಟಿತು. ಅಕ್ಕ, ತಮ್ಮ. ವ್ಯಾನು ತಿರುವಿನಲ್ಲಿ ಇಳಿಸಿ ಹೋಗಿತ್ತು. ಇಬ್ಬರಿಗೂ ಅದೇ ನೀಲಿ ಚೌಕಳಿ ಅಂಗಿ, ಅದೇ ಟೈ, ಅದೇ ಬೂಟು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಸರಿಯಾಗಿ ನೋಡಿದೆ. ಹುಡುಗಿಯ ಬೆನ್ನಿಗೆ ಒಂದು ಬ್ಯಾಗು, ಎದೆಗೆ ಒಂದು ಬ್ಯಾಗು. ಹುಡುಗ ಕೈಬೀಸಿಕೊಂಡು ಬರುತ್ತಿದ್ದ.

"ಹೇಗಿದೆ ಪುಟ್ಟಿ ಹೊಸ ಸ್ಕೂಲು?" ಎಂದೆ.

"ಚೆನ್ನಾಗಿದೆ ಮಿಸ್. ಅಲ್ಲಿನ ಮಿಸ್ ಹೇಳೋದು ಅರ್ಥ ಆಗಲ್ಲ."

"ತಮ್ಮ ಹೇಳ್ಕೊಡ್ತಾನಾ?"

"ನಗ್ತಾನೆ."

ಇಲಾಖೆಯವರ ಮುಂದೆ ತಲೆಯೆತ್ತಿ ಓದುತ್ತಿದ್ದ ಹುಡುಗಿ. ವಾಪಸ್ ಬಂದ್ಬಿಡು ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವಳು ಬಂದದ್ದು ಅದಕ್ಕಲ್ಲ.

"ಮಿಸ್, ಆ ಅಕ್ಕ-ತಮ್ಮನ ಪುಸ್ತಕ ಇದ್ಯಾ? ಇವನಿಗೆ ತೋರಿಸ್ಬೇಕು. ಮನೇಲಿದ್ದಾಗ ಇವನು ಅದನ್ನ ಓದ್ಲೇ ಇಲ್ಲ. ಅಕ್ಷರ ಗೊತ್ತು, ಕೂಡಿಸಿ ಓದಕ್ಕೆ ಬರಲ್ಲ."

ಬೀರುವಿನ ಮೇಲಿನ ಪೆಟ್ಟಿಗೆಯಿಂದ ಪುಸ್ತಕ ತಂದುಕೊಟ್ಟೆ. ಗಂಡುಮಕ್ಕಳು ಓದಲಿ ಎಂದು ಕನ್ನಡದಲ್ಲಿ ಮಾಡಿಸಿದ ಪುಸ್ತಕವನ್ನು ಓದಲು ನಮ್ಮ ಪೇಟೆಯ ಗಂಡುಮಕ್ಕಳಿಗೆ ಬರುವುದಿಲ್ಲ. ಓದಿ ಹೇಳುವ ಕೆಲಸವೂ ಅಕ್ಕನದೇ. ಅವಳು ಎರಡೂ ಬ್ಯಾಗನ್ನು ಜಗಲಿಯ ಮೇಲಿಳಿಸಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದಳು. ಅದೇ ಗಂಟಲು, ಅದೇ ನಿಲುಗಡೆ. ಅವನು ನಗಲಿಲ್ಲ. ಮಾವಿನಹಣ್ಣಿನ ಪುಟ ಬಂದಾಗ, "ಈ ಪೀಸ್ ದೊಡ್ಡದು, ಇದು ತಮ್ಮಂದು," ಎಂದ. "ಎರಡೂ ಒಂದೇ. ಬೇಕಾದ್ರೆ ಅಳತೆ ಮಾಡು," ಎಂದಳು. ಅವನು ಬೆರಳಿಟ್ಟು ಅಳೆದ. ಮತ್ತೊಮ್ಮೆ ಅಳೆದ. ಒಪ್ಪಿಕೊಂಡ.

ಕೊನೆಯ ಪುಟ ಬಂತು. ಹುಡುಗ ಬಗ್ಗಿ ನೋಡಿ, "ಏ, ಇದು ನಾವೇ!" ಎಂದ. ಅವನಿಗೆ ಆ ಚಿತ್ರದಲ್ಲಿ ಯಾವ ತಪ್ಪೂ ಕಾಣಲಿಲ್ಲ. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಹುಡುಗಿ ಮಾತ್ರ ಚಿತ್ರವನ್ನು ನೋಡುತ್ತಲೇ ಇದ್ದಳು. ಅವಳ ಬೆರಳು ಈ ಸಲ ಬಟ್ಟೆಯ ಮೇಲಿರಲಿಲ್ಲ, ಚಿತ್ರದ ತಮ್ಮನ ಬೆನ್ನಿನ ಮೇಲಿತ್ತು. ಅವನ ಬೆನ್ನಿಗೆ ಅವನದೇ ಬ್ಯಾಗಿತ್ತು. ಅಲ್ಲಿಯವರೆಗೆ ನಾನೂ ಅದನ್ನು ಗಮನಿಸಿರಲಿಲ್ಲ.

ಅವಳು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು. ತನ್ನ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡಳು. ಇನ್ನೊಂದನ್ನು ಜಗಲಿಯ ಮೇಲೆಯೇ ಬಿಟ್ಟು ಮೆಟ್ಟಿಲಿಳಿದು ನಡೆದಳು.

"ಅಕ್ಕಾ, ಬ್ಯಾಗು!" ಎಂದ ಹುಡುಗ.

ಅವಳು ತಿರುಗಲಿಲ್ಲ. ಹುಡುಗ ನನ್ನ ಮುಖ ನೋಡಿದ. ನನ್ನ ಕೈ ತನ್ನಷ್ಟಕ್ಕೆ ತಾನೇ ಹೋಗಿ ಬ್ಯಾಗಿನ ಪಟ್ಟಿ ಹಿಡಿದಿತ್ತು. ಇಳಿದ ಭುಜ ಇನ್ನಷ್ಟು ಇಳಿದು ಸಿದ್ಧವಾಗಿತ್ತು.

"ಮಿಸ್, ನೀವು ಎತ್ಬೇಡಿ," ಎಂದಳು ಅವಳು, ಹೊಂಗೆ ಮರದ ಕೆಳಗಿನಿಂದ.

ಕೈ ಹಿಂದಕ್ಕೆ ತೆಗೆದುಕೊಂಡೆ. ಹುಡುಗ ಬ್ಯಾಗನ್ನೂ ನನ್ನನ್ನೂ ನೋಡುತ್ತಾ ನಿಂತ. ಅವಳು ಗೇಟಿನ ಹತ್ತಿರ ಹೋಗಿ ಕಾಯುತ್ತಾ ನಿಂತಳು. ನನಗೂ ಮನೆಗೆ ಹೋಗುವ ಅವಸರವೇನೂ ಇರಲಿಲ್ಲ.